ಸೋಮವಾರದ ಪಂಕ್ಚರ್

"ಬಂದ್ರಪ್ಪ, ಬುದ್ಧಿ ಹೇಳೋಕೆ ಇನ್ನೊಬ್ಬರು…"

ನಂದಿತಾ ಗೊಣಗಿದ್ದು ಕನ್ನಡದಲ್ಲಿ. ಹಿಂದೆ ನಿಂತವನಿಗೆ ಅದು ಅರ್ಥವಾಗಲಾರದು ಎಂಬ ಧೈರ್ಯದಲ್ಲೇ. ಸೈಕಲ್ ಪಂಪಿನಲ್ಲಿ ಟ್ರ್ಯಾಕ್ಟರ್ ಟೈರಿಗೆ ಗಾಳಿ ತುಂಬುವಷ್ಟರಲ್ಲಿ ಸಂಜೆಯಾದೀತು ಎಂದು ಅವನು ಆಗಷ್ಟೇ ತಮಿಳಿನಲ್ಲಿ ಹೇಳಿದ್ದ.

"ಬುದ್ಧಿ ಹೇಳಕ್ಕಲ್ಲ ಮೇಡಂ. ನಿಮ್ಮ ಡ್ರೈವರ್ ಫೋನ್ ಮಾಡಿದ್ರು, ಪಂಕ್ಚರ್ ಹಾಕಕ್ಕೆ ಬಂದೆ. ಸ್ವಲ್ಪ ಜರುಗ್ತೀರಾ?"

ಕನ್ನಡ!

ನಂದಿತಾಳ ಕೆನ್ನೆ ಬಿಸಿಯಾಯಿತು. ತಿರುಗಿ ನೋಡಿದಳು. ಭುಜದಲ್ಲಿ ಟೂಲ್ ಬ್ಯಾಗು, ಮೊಣಕೈವರೆಗೆ ಮಡಚಿದ ತೋಳು, ನಗುವನ್ನು ಮೀಸೆಯಡಿ ಅದುಮಿಟ್ಟುಕೊಂಡ ಮುಖ.

ಅವನ ಹೆಸರು ಗುರುಚರಣ. ತಾತ ರೈಲ್ವೆ ಕೆಲಸಕ್ಕೆಂದು ಕೋಲಾರದ ಕಡೆಯಿಂದ ಪೆರಂಬೂರಿಗೆ ಬಂದವರು. ಮಾಧವರಂ ಬಸ್ ನಿಲ್ದಾಣದ ಹಿಂದೆ ಗುರುಚರಣನದೊಂದು ಟೈರ್ ಅಂಗಡಿ. ಸುತ್ತಲಿನ ಗಿಡದ ನರ್ಸರಿಗಳ ಸಣ್ಣ ಟ್ರ್ಯಾಕ್ಟರುಗಳೇ ಅವನಿಗೆ ಹೆಚ್ಚಿನ ಕೆಲಸ.

ನಂದಿತಾ ಅಣ್ಣಾ ನಗರದವಳು, ಕನ್ನಡಿಗ ಬ್ಯಾಂಕ್ ಅಧಿಕಾರಿಯ ಮಗಳು. ಇನ್ಶೂರೆನ್ಸ್ ಕಂಪನಿಯ ಕೆಲಸ ಬಿಟ್ಟು ಈ ನರ್ಸರಿ ಶುರುಮಾಡಿ ಎರಡು ವರ್ಷವಾಗಿತ್ತು. ಮಣ್ಣು, ಗೊಬ್ಬರ, ಕುಂಡ ಎಲ್ಲವನ್ನೂ ಹೊರುವುದು ಆ ಒಂದು ಪುಟ್ಟ ಟ್ರ್ಯಾಕ್ಟರು. ಅದನ್ನು ಓಡಿಸುತ್ತಿದ್ದವರು ಮಂಡ್ಯದ ಕಡೆಯ ಶಿವರಾಮು.

ಗುರುಚರಣ ಮುಂದಿನ ಎಡಗಾಲಿ ಬಿಚ್ಚಿ, ಟ್ಯೂಬಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದ. ಕಣ್ಣಿಗೆ ಕಾಣದಂಥ ತೂತು. ಅದರಿಂದ ಗುಳ್ಳೆಗಳು ಒಂದೊಂದಾಗಿ ಏಳುವುದನ್ನು ತೋರಿಸಿದ. ಮೊಳೆ ಚುಚ್ಚಿದರೆ ಆಗಲೇ ಗೊತ್ತಾಗುತ್ತದೆ, ಇದು ಹಾಗಲ್ಲ, ಐದಾರು ದಿನ ತಗೊಂಡು ಇಳಿಯುತ್ತದೆ ಎಂದ. ಪ್ಯಾಚ್ ಹಾಕಿ ಹೋದ.

ಮುಂದಿನ ವಾರಾಂತ್ಯದ ಓಡಾಟ ಮುಗಿದು ಸೋಮವಾರ ಬೆಳಗಾಗುವಷ್ಟರಲ್ಲಿ ಟೈರು ಮತ್ತೆ ಕೂತಿತ್ತು.

ಮತ್ತೆ ಬಂದ. ಮತ್ತೊಂದು ತೂತು, ಮತ್ತೊಂದು ಪ್ಯಾಚು.

ಕೆಲಸ ಮುಗಿದ ಮೇಲೆ ಟೀ ಕುಡಿಯುತ್ತಾ ಅವನು ಗಿಡಗಳ ಹೆಸರು ಕೇಳುತ್ತಿದ್ದ. ಅವನಿಗೆ ಗೊತ್ತಿದ್ದದ್ದೆಲ್ಲ ತಮಿಳು ಹೆಸರು. ನಂದ್ಯಾವರ್ತ ಅನ್ನಲು ನಾಲಗೆ ತಡವರಿಸಿದಾಗ ಅವಳು ನಕ್ಕಿದ್ದಳು. ಎಷ್ಟು ದಿನವಾಗಿತ್ತು ಹಾಗೆ ನಕ್ಕು!

ಮೂರನೆಯ ವಾರದಿಂದ ಸೋಮವಾರ ಕನ್ನಡಿಯ ಮುಂದೆ ಐದು ನಿಮಿಷ ಹೆಚ್ಚು ನಿಲ್ಲತೊಡಗಿದಳು. 'ನಿನಗೇನಾಗಿದೆ ನಂದಿತಾ… ಬರೋದು ಪಂಕ್ಚರ್ ಹಾಕೋಕೆ' ಎಂದು ತನ್ನನ್ನೇ ಗದರಿಕೊಂಡಳು.

ಆ ಖುಷಿಯನ್ನು ಕೆಡಿಸಿದ್ದು ಪಕ್ಕದ ನರ್ಸರಿಯ ಉಪೇಂದ್ರರ ಒಂದು ಮಾತು. ಈ ಪಂಕ್ಚರ್‌ನವರು ಒಂದು ತೂತು ಮುಚ್ಚಿ ಇನ್ನೊಂದನ್ನು ತಾವೇ ಚುಚ್ಚಿಟ್ಟು ಹೋಗುತ್ತಾರೆ, ಮತ್ತೆ ಕರೆಯಬೇಕಲ್ಲ ಎಂದು ಅವರು ತಮಾಷೆಯಾಗಿ ಅಂದಿದ್ದರು.

ನಂದಿತಾಳಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ. ಮೂರು ವರ್ಷದ ಹಿಂದೆ ಅವಳಿಗೆ ಮಿಥುನ್ ಜೊತೆ ನಿಶ್ಚಿತಾರ್ಥವಾಗಿತ್ತು. ಇನ್ನೊಬ್ಬಳ ವಿಷಯ ಮುಚ್ಚಿಟ್ಟುಕೊಂಡೇ ಅವನು ಕೊನೆಯ ದಿನದವರೆಗೂ ಇವಳ ಜೊತೆ ನಕ್ಕಿದ್ದ. 'ಇವನ ನಗುವೂ ಅಂಥದ್ದೇನಾ? ನಾನು ಮತ್ತೆ ಮೋಸಹೋದೆನಾ…?'

ಐದನೆಯ ಸೋಮವಾರ ಅವನು ಚಕ್ರ ಜೋಡಿಸುತ್ತಿದ್ದಾಗ ಉಪೇಂದ್ರ ಅಲ್ಲೇ ಇದ್ದರು. ಬೇರೆ ನರ್ಸರಿಗಳವರೂ ಇಬ್ಬರಿದ್ದರು. ಎಲ್ಲರಿಗೂ ತಿಳಿಯಲೆಂದೇ ಅವಳು ತಮಿಳಿನಲ್ಲಿ ಕೇಳಿದಳು. ಐದು ವಾರಕ್ಕೆ ಐದು ಪಂಕ್ಚರ್. ಟ್ಯೂಬು ತಾನಾಗಿ ತೂತಾಗುತ್ತಿದೆಯೋ, ನೀವೇ ತೂತು ಮಾಡುತ್ತಿದ್ದೀರೋ?

ಗುರುಚರಣ ತಲೆಯೆತ್ತಿದ. ಉಳಿದ ನಟ್ಟುಗಳನ್ನು ಒಂದೊಂದಾಗಿ ಬಿಗಿ ಮಾಡಿ, ಕೈ ಒರೆಸಿಕೊಂಡು, ಬ್ಯಾಗೆತ್ತಿಕೊಂಡು ಹೊರಟುಹೋದ.

ಒಂದೇ ಒಂದು ಮಾತು ಆಡಲಿಲ್ಲ. ಅದನ್ನೇ ಅವಳು ತಪ್ಪೊಪ್ಪಿಗೆ ಅಂದುಕೊಂಡಳು.

ಆಮೇಲೆ ಯಾರನ್ನೂ ಕರೆಸಲಿಲ್ಲ. ಒಂದು ಸಣ್ಣ ಕಂಪ್ರೆಸರ್ ತಂದಳು. ದಿನಾ ಬೆಳಿಗ್ಗೆ ಶಿವರಾಮು ಗಾಳಿ ತುಂಬಿಸಿಕೊಂಡೇ ಹೊರಡುತ್ತಿದ್ದರು. ಹಾಗೇ ಎರಡು ತಿಂಗಳು ಕಳೆಯಿತು. ಸೋಮವಾರಗಳು ಮಾತ್ರ ಕಳೆಯುತ್ತಿರಲಿಲ್ಲ…

ಜೂನ್ ತಿಂಗಳ ಒಂದು ಶನಿವಾರ. ಗಿರಾಕಿಗಳು ಕಾಯುತ್ತಿದ್ದರು. ಟೈರು ಮೆತ್ತಗಿದೆ, ತುಂಬಿಸಿಬಿಡಲಾ ಎಂದು ಶಿವರಾಮು ಕೇಳಿದರು. ಇದೊಂದು ಲೋಡ್ ಇಳಿಸಿ ಬನ್ನಿ, ಆಮೇಲೆ ತುಂಬಿದರಾಯಿತು ಎಂದವಳು ನಂದಿತಾಳೇ.

ಕಾಲುವೆಯ ತಿರುವಿನಲ್ಲಿ, ಹಿಂದೆ ಟ್ರೈಲರ್ ತುಂಬ ಮಣ್ಣು. ಮೆತ್ತಗಿದ್ದ ಟೈರು ರಿಮ್ಮಿನಿಂದ ಕಳಚಿಕೊಂಡಿತು. ಸ್ಟೇರಿಂಗು ಎಡಕ್ಕೆ ಎಳೆದು ಟ್ರ್ಯಾಕ್ಟರಿನ ಮೂತಿ ಕಾಲುವೆಗಿಳಿಯಿತು. ಶಿವರಾಮು ಕಲ್ಲಿನ ಮೇಲೆ ಬಿದ್ದರು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು.

ಎರಡು ದಿನದ ನಂತರ ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ ಅವಳನ್ನು ಹತ್ತಿರ ಕರೆದು ಕಳಚಿದ ಟ್ಯೂಬು ತೋರಿಸಿದರು. ಐದೂ ಪ್ಯಾಚುಗಳು ಹಾಕಿದ ಹಾಗೇ ಕೂತಿದ್ದವು. ತೂತುಗಳೆಲ್ಲ ಒಳಮಗ್ಗುಲಲ್ಲಿ, ಒಂದೇ ಸಾಲಿನಲ್ಲಿ. ಆಮೇಲೆ ರಿಮ್ಮಿನ ಒಳಗೆ ಕೈಯಾಡಿಸಲು ಹೇಳಿದರು. ಗೊಬ್ಬರದ ನೀರು ಕುಡಿದು ತುಕ್ಕು ಹಿಡಿದ ಕಬ್ಬಿಣ ಪದರಪದರವಾಗಿ ಎದ್ದು ಬೆರಳಿಗೆ ಚುಚ್ಚಿತು.

ಒಂದು ಕಡೆ ಮುಚ್ಚಿದರೆ ಈ ತುಕ್ಕು ಪಕ್ಕದಲ್ಲಿ ಟ್ಯೂಬನ್ನು ತಿನ್ನುತ್ತದೆ, ಪ್ಯಾಚ್ ಹಾಕಿದವನ ಕೆಲಸದಲ್ಲಿ ಕುಂದಿಲ್ಲ ಎಂದರು ಮೆಕ್ಯಾನಿಕ್. ರಿಮ್ ಬದಲಾಯಿಸಲು ಆತ ಹೇಳಲಿಲ್ಲವೇ?

ನಂದಿತಾ ರಿಮ್ಮಿನಿಂದ ಕೈ ತೆಗೆದಳು.

ಹೇಳಿದ್ದ.

ಮೂರನೆಯ ಸೋಮವಾರ, ಶಿವರಾಮು ರಜೆಯಲ್ಲಿದ್ದ ದಿನ. ಅವಳು ಫೋನಿನಲ್ಲಿ ಯಾರೊಂದಿಗೋ ಆರ್ಡರಿನ ವಿಷಯ ಮಾತಾಡುತ್ತಿದ್ದಳು. ಗುರುಚರಣ ಎದುರು ಬಂದು, ರಿಮ್ಮಿನ ಒಳಗೆ ಬೆರಳು ತೋರಿಸಿ ಏನೋ ಹೇಳಿದ್ದ. ಅವಳು ಹೂಂ ಎಂದು ತಲೆಯಾಡಿಸಿ ಆಚೆ ತಿರುಗಿದ್ದಳು…

ಅವನ ಅಂಗಡಿಗೆ ಹೋದಳು. ಬಾಗಿಲು ಹಾಕಿತ್ತು. ಮೋಸಗಾರನೆಂದು ಸುದ್ದಿಯಾಗಿ ನರ್ಸರಿಗಳವರು ಕರೆಯುವುದನ್ನೇ ಬಿಟ್ಟರು, ಈಗ ರೆಡ್ ಹಿಲ್ಸ್ ಕಡೆ ಯಾವುದೋ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ ಎಂದು ಪಕ್ಕದ ಟೈಲರ್ ಹೇಳಿದರು.

ಅವಳು ಆಡಿದ ಒಂದು ಮಾತು ಅವನ ಅಂಗಡಿಯನ್ನೇ ಮುಚ್ಚಿಸಿತ್ತು.

ಮರುದಿನ ನಂದಿತಾ ಆ ರಸ್ತೆಯ ಹನ್ನೊಂದು ನರ್ಸರಿಗಳಿಗೂ ಕಾಲಿಟ್ಟಳು. ತುಕ್ಕು ಹಿಡಿದ ರಿಮ್ಮು ನನ್ನದು, ಅವನು ಹೇಳಿದ್ದನ್ನು ಕೇಳಿಸಿಕೊಳ್ಳದವಳು ನಾನು, ಅವನ ಮೇಲೆ ಹೊರಿಸಿದ್ದು ಸುಳ್ಳು ಎಂದು ಪ್ರತಿಯೊಬ್ಬರ ಎದುರೂ ನಿಂತು ಹೇಳಿದಳು. ಉಪೇಂದ್ರರ ಮುಂದೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಆದರೂ ಹೇಳಿ ಮುಗಿಸಿದಳು.

ಅವನ ನಂಬರ್ ಅವಳಲ್ಲಿತ್ತು. ಒತ್ತಲು ಮಾತ್ರ ಬೆರಳು ಏಳಲಿಲ್ಲ.

ಭಾನುವಾರ ಹಣ್ಣು ತೆಗೆದುಕೊಂಡು ಶಿವರಾಮು ಮನೆಗೆ ಹೋದಳು. ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತಳು. ಶಿವರಾಮುಗೆ ಅಂಗಿ ತೊಡಿಸಲು ಅವರ ಹೆಂಡತಿ ಶಿವಲಿಂಗಮ್ಮನಿಗೆ ನೆರವಾಗುತ್ತಿದ್ದವನು… ಗುರುಚರಣ.

"ಬಿದ್ದ ಮಾರನೇ ದಿನದಿಂದ್ಲೂ ದಿನಾ ಬತ್ತವ್ನೆ ಕಣವ್ವ," ಎಂದರು ಶಿವರಾಮು. ಮಣಿಕಟ್ಟು ಇನ್ನು ಮೊದಲಿನ ಹಾಗೆ ತಿರುಗುವುದಿಲ್ಲ, ಸ್ಟೇರಿಂಗ್ ಹಿಡಿಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದನ್ನೂ ಹೇಳಿದರು. ಅವರ ದನಿಯಲ್ಲಿ ದೂರಿರಲಿಲ್ಲ. ಅದೇ ಅವಳಿಗೆ ಸಹಿಸಲಾಗಲಿಲ್ಲ. ಮೆಟ್ಟಿಲಿಗೆ ಬಂದು ಕೂತು ಅತ್ತಳು.

ಸ್ವಲ್ಪ ಹೊತ್ತಿಗೆ ಅವನು ಬಂದು ಒಂದು ಮೆಟ್ಟಿಲು ಕೆಳಗೆ ಕೂತ.

"ಎಲ್ಲಾ ನರ್ಸರಿಗೂ ಹೋಗಿ ನಿಮ್ಮದೇ ತಪ್ಪು ಅಂದ್ರಂತೆ?"

"ನನ್ನದೇ ಅಲ್ವಾ?"

"ಪೂರ್ತಿ ಅಲ್ಲ." ಅವನು ನೆಲ ನೋಡುತ್ತಿದ್ದ. "ಫೋನಲ್ಲಿದ್ರಿ, ನಾನು ಹೇಳಿದ್ದು ಕೇಳಿಸಿಲ್ಲಾಂತ ನನಗೆ ಆವತ್ತೇ ತಿಳೀತು. ನಾಲ್ಕನೇ ವಾರ ಇನ್ನೊಂದ್ಸಲ ಹೇಳ್ಬೋದಿತ್ತು. ಐದನೇ ವಾರಾನೂ ಹೇಳ್ಬೋದಿತ್ತು. ಬೇಕೂಂತಲೇ ಹೇಳ್ಲಿಲ್ಲ."

"ಯಾಕೆ?"

"ರಿಮ್ ಬದಲಾಯ್ಸಿಬಿಟ್ರೆ ಅಪ್ಪುರಂ… ಆಮೇಲೆ ಸೋಮವಾರ ಬರಕ್ಕೆ ನನಗೆ ಕಾರಣ ಏನಿರತ್ತೆ?"

ಅವಳು ತಿರುಗಿ ಅವನನ್ನು ನೋಡಿದಳು.

"ಅದಕ್ಕೇ ಆವತ್ತು ಬಾಯಿ ಬರ್ಲಿಲ್ಲ. ತೂತು ನಾನು ಮಾಡಿರ್ಲಿಲ್ಲ. ಆದ್ರೆ ಪೂರ್ತಿ ಸುಳ್ಳೂಂತ ಹೇಳಕ್ಕೂ ಆಗ್ಲಿಲ್ಲ."

ಮೊದಲು ಅವಳಿಗೆ ಬಂದದ್ದು ಸಿಟ್ಟು. ಒಂದು ಮಾತು ಹೇಳಿದ್ದರೆ ಒಳಗಿರುವ ಆ ಮನುಷ್ಯನ ಕೈ ನೆಟ್ಟಗಿರುತ್ತಿತ್ತು. ಮರುಗಳಿಗೆಯಲ್ಲೇ, ಒಂದು ಮಾತು ಕೇಳಿಸಿಕೊಂಡಿದ್ದರೂ ಅಷ್ಟೇ ಅನ್ನಿಸಿತು. ಸಿಟ್ಟು ಯಾರ ಮೇಲೆಂದು ತಿಳಿಯಲಿಲ್ಲ.

"ನಮ್ಮಿಬ್ಬರ ತಪ್ಪಿಗೆ ಪೆಟ್ಟು ತಿಂದಿದ್ದು ಶಿವರಾಮಣ್ಣ," ಎಂದಳು ಕೊನೆಗೆ.

"ಗೊತ್ತು. ಅದು ನನ್ನ ಮನಸ್ಸಿಂದ ಹೋಗಲ್ಲ." ಅವನು ಅವಳ ಕಡೆ ತಿರುಗಿದ. "ಇವತ್ತು ಹೇಳ್ಬಾರದೇನೋ. ಆದ್ರೆ ಇನ್ನೊಂದು ವಿಷಯ ಮುಚ್ಚಿಟ್ಕೊಳ್ಳಕ್ಕೆ ನನ್ನ ಕೈಲಿ ಆಗಲ್ಲ. ನೀವಂದ್ರೆ ನನಗೆ ಇಷ್ಟ, ನಂದಿತಾ. ರೊಂಬ ಇಷ್ಟ."

ಅವಳು ಕಣ್ಣೊರೆಸಿಕೊಂಡಳು.

"ನನಗೂ," ಎಂದಳು. "ಆದ್ರೆ ಇವತ್ತು ಖುಷಿ ಪಡೋಕೆ ಆಗ್ತಿಲ್ಲ."

"ಬೇಡ. ಇವತ್ತು ಬೇಡ."

ಅವಳು ಒಂದು ಮೆಟ್ಟಿಲು ಕೆಳಗಿಳಿದು ಅವನ ಪಕ್ಕದಲ್ಲಿ ಕೂತಳು.

"ನಾಳೆ ನರ್ಸರಿಗೆ ಬರ್ತೀರಾ?"

"ಏನು ಕಾರಣ ಹೇಳ್ಕೊಂಡು ಬರ್ಲಿ?"

"ಕಾರಣ ಬೇಡ," ಎಂದಳು ನಂದಿತಾ. "ಸುಮ್ಮನೆ ಬನ್ನಿ."