ಕಾಣೆಯಾದ ಆರೋಗ್ಯ ಪುಸ್ತಕ

"ಪುಸ್ತಕ ಇಲ್ಲ!"

ಬನಶಂಕರಿ ಎರಡನೇ ಹಂತದ ಮನೆಯಲ್ಲಿ ಶಶಿಧರ್ ಕೂಗಿದಾಗ ಮಧ್ಯಾಹ್ನ ಎರಡು ಗಂಟೆ. ಪಕ್ಕದ ಮನೆಯ ವಿಮಲಾ, ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್, ಕರೆಯುವ ಮೊದಲೇ ಬಂದು ನಿಂತರು. ಗಲಾಟೆ ಕೇಳಿಯೂ ತೆಪ್ಪಗೆ ಕೂರುವುದು ಅವರ ಜಾಯಮಾನವಲ್ಲ.

ಶಶಿಧರ್ ವಾರವಿಡೀ ಕಾಲೇಜಿನ ಗಣಿತ ಮೇಷ್ಟ್ರು. ಕರೆ ಬಂದರೆ ಮೀಸಲು ಯುದ್ಧವಿಮಾನ ಸ್ಕ್ವಾಡ್ರನ್ನಿನ ಪೈಲಟ್. ಮುಂಚೂಣಿಯ ಸ್ಕ್ವಾಡ್ರನ್ ಗಡಿಗೆ ಹಾರಿತ್ತು. ಊರಿನ ಆಕಾಶ ಕಾಯುವ ಪಾಳಿ ಈಗ ಮೀಸಲಿನವರದು. ನಾಲ್ಕಕ್ಕೆ ವಾಯುನೆಲೆಯಲ್ಲಿ ಹಾಜರಿ, ಐದೂವರೆಗೆ ಎರಡು ವಿಮಾನ ಏರಬೇಕು. ಆರೋಗ್ಯ ಪುಸ್ತಕವಿಲ್ಲದೆ ಅಲ್ಲಿನ ಡಾಕ್ಟರು ಯಾರನ್ನೂ ವಿಮಾನದ ಹತ್ತಿರಕ್ಕೂ ಬಿಡುವುದಿಲ್ಲ.

"ಎಲ್ಲಿಟ್ಟಿದ್ದೆ?"

"ಬ್ಯಾಗಿನ ತಳದಲ್ಲಿ, ಆಂಟಿ. ಬೆಳಿಗ್ಗೆ ಇತ್ತು."

ವಿಮಲಾ ಬ್ಯಾಗ್ ತೆರೆದರು. ಮೇಲೆ ಕೈಗವಸು, ಕೆಳಗೆ ಸೂಟು, ಬೂಟು, ನಕ್ಷೆ— ಒಂದು ಮಡಿಕೆಯೂ ಕದಲಿರಲಿಲ್ಲ.

"ಏನಪ್ಪ ಇಷ್ಟು ಓರಣ?"

"ಸ್ಕ್ವಾಡ್ರನ್ ಕ್ರಮ ಆಂಟಿ. ಕರೆ ಬಂದ್ರೆ ಕಣ್ಮುಚ್ಚಿ ತೆಗೀಬೇಕು. ಮನೇಲಿ ಯಾರಿಗೂ ಜೋಡಿಸೋಕೆ ಬರಲ್ಲ."

ತಾಯಿ ಅಂಜನಮ್ಮ ಸಿಡುಕಿದರು. "ನನ್ನೇ ನೋಡ್ತೀಯಲ್ಲ ವಿಮಲಾ? ಇವನು ಹಾರೋದು ನಂಗಿಷ್ಟ ಇಲ್ಲ, ನಿಜ. ಹಂಗಂತ ಕದೀತೀನಾ? ಊಟಕ್ಕೆ ಮೂರು ಸಲ ಕೂಗ್ದೆ, ಈ ಮಹರಾಯ ತಿರುಗೂ ನೋಡ್ಲಿಲ್ಲ!"

"ನೀನೇನಪ್ಪ, ಮನು?"

"ಅಣ್ಣ ಡ್ಯೂಟಿಗೆ ಹೋದ್ರೆ ಬೈಕ್ ನಂಗೆ, ಆಂಟಿ," ಎಂದ ತಮ್ಮ. "ನಾನ್ಯಾಕೆ ತಡೀಲಿ?"

ಸ್ಕ್ವಾಡ್ರನ್ನಿಂದ ಫೋನ್ ಬಂತು. ಶಶಿಧರ್ ಬಲಗಿವಿಗೆ ಇಟ್ಟುಕೊಂಡ. ಥಟ್ಟನೆ ಎಡಗಿವಿಗೆ ಬದಲಿಸಿದ. "ಹುಡುಕ್ತಿದೀನಿ ಸಾರ್."

ಫೋನ್ ಇಟ್ಟ ಮೇಲೆ ವಿಮಲಾ ಅವನ ಬಲಕ್ಕೆ ಸರಿದು ಮೆಲ್ಲಗೆ ಕೇಳಿದರು, "ಕಾಫಿ ಕುಡೀತೀಯಾ, ಶಶಿ?"

ಮಾತು ಕಿವಿಗೆ ಬಿದ್ದೇ ಇಲ್ಲವೆಂಬಂತೆ ಅವನು ಬ್ಯಾಗಿನ ಜಿಪ್ ಎಳೆಯತೊಡಗಿದ.

"ಕಳ್ಳ ಸಿಕ್ಕಿದ," ಎಂದರು ಗಟ್ಟಿಯಾಗಿ. "ತಳದ ಪುಸ್ತಕ ತೆಗೀಬೇಕಂದ್ರೆ ಬ್ಯಾಗ್ ಪೂರ್ತಿ ಖಾಲಿ ಮಾಡ್ಬೇಕು. ಆಮೇಲೆ ಇದೇ ಕ್ರಮದಲ್ಲಿ ಜೋಡಿಸೋಕೆ ಯಾರಿಗೆ ಬರುತ್ತೆ? ನಿನಗೊಬ್ಬನಿಗೇ."

"ನಾನಾ? ಯಾಕೆ?"

"ಬಲಗಿವಿ ಕಟ್ಟಿದೆ. ಹಾರಿದ್ರೆ ಕಿವಿಯ ತಮಟೆ ಒಡೆಯುತ್ತೆ. ಡಾಕ್ಟ್ರು ನೋಡಿದ್ರೆ ಸಿಕ್ಕಿಬೀಳ್ತೀಯ. ಪುಸ್ತಕ ಕಳೆದುಹೋದ್ರೆ ಇವತ್ತೊಂದಿನ ಬಚಾವ್— ಹೌದೋ ಅಲ್ವೋ?"

ಶಶಿಧರ್ ಕುರ್ಚಿ ಎಳೆದು ಕುಳಿತ. "ಹೋದ ವರ್ಷ ಒಂದ್ಸಲ ಅನ್‌ಫಿಟ್ ಅಂತ ಬರೆದಿದಾರೆ, ಆಂಟಿ. ಇನ್ನೊಂದ್ಸಲ ಬರೆದ್ರೆ ಪಟ್ಟಿಯಿಂದ ಹೆಸರೇ ತೆಗೀತಾರೆ. ಹನ್ನೊಂದು ವರ್ಷ... ಒಂದು ಕರೆಯನ್ನೂ ತಪ್ಪಿಸಿಲ್ಲ."

ವಿಮಲಾಗೆ ಅಯ್ಯೋ ಅನ್ನಿಸಿತು. ಆದರೂ ದನಿ ಸಡಿಲಿಸಲಿಲ್ಲ. "ನಿನ್ನ ಹೆಸರು ಉಳಿಯೋಕೆ ಒಂದು ವಿಮಾನ ನೆಲದಲ್ಲೇ ನಿಲ್ಲಬೇಕಾ? ಈಗ ಹೇಳಿದ್ರೆ ಬೇರೆಯವರು ಬರ್ತಾರೆ. ನಾಲ್ಕಕ್ಕೆ ಗೇಟಲ್ಲಿ ನಿಂತು ಹೇಳಿದ್ರೆ?"

ಅವನು ಬೈಕಿನ ಸೀಟಿನಡಿಯಿಂದ ಪುಸ್ತಕ ತಂದು ಮೇಜಿನ ಮೇಲಿಟ್ಟ. ಫೋನ್ ಮಾಡಿದ.

"ಸಾರ್, ಪುಸ್ತಕ ನಾನೇ ಬಚ್ಚಿಟ್ಟಿದ್ದೆ. ನಾನು ಫಿಟ್ ಇಲ್ಲ."

ಆ ಕಡೆ ಕಮಾಂಡರ್ ಬೈಯಲಿಲ್ಲ. ಇನ್ನೊಬ್ಬ ಮೀಸಲು ಪೈಲಟ್, ಸುದ್ದಗುಂಟೆಪಾಳ್ಯದ ದೇವದಾಸ್‌ಗೆ ಈಗಲೇ ಕರೆ ಹೋಗುತ್ತದೆ, ಹೆಸರಿನ ವಿಷಯ ಸೋಮವಾರ ನೋಡೋಣ ಎಂದರು, ಅಷ್ಟೇ.

ಐದೂವರೆ ದಾಟಿದ ಮೇಲೆ ಮನೆಯ ಕಿಟಕಿಗಳು ಅದುರಿದವು. ಎಲ್ಲರೂ ಅಂಗಳಕ್ಕೆ ಓಡಿದರು. ಒಂದು ವಿಮಾನ ಹೋಯಿತು. ಅದರ ಹಿಂದೆಯೇ ಇನ್ನೊಂದು.

"ನೀನಿಲ್ದೇನೂ ಎರಡೂ ಹೋದ್ವಲ್ಲೋ!" ಎಂದರು ಅಂಜನಮ್ಮ.

"ಹೋಗ್ಲೇಬೇಕಮ್ಮ," ಎಂದ ಶಶಿಧರ್, ಕಣ್ಣು ಒರೆಸಿಕೊಂಡು. "ಮೀಸಲು ಅಂದ್ರೆ ಅದೇ."