ತೆಗೆಯಬಾರದ ಮೂರು ಸಾಲು

ತನ್ನ ಊಟ ಆಯಿತೇ ಎಂದು ವಾಮದೇವ ಕಿವಿಯ ಹಿಂದಿನ ಮಣಿಯನ್ನು ಮುಟ್ಟಿ ಕೇಳಿಕೊಂಡ. ಆಗಿದೆ, ಹೀರೇಕಾಯಿ ಪಲ್ಯ ಎಂದಿತು ಮಣಿ. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ ಹೊಸದೇನೂ ಅವನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅಲ್ಲಿಂದೀಚಿನ ಒಂಬತ್ತು ವರ್ಷದ ಸಂಸಾರವೆಲ್ಲ ಆ ಕಡಲೆಕಾಳಿನಷ್ಟು ಮಣಿಯಲ್ಲೇ ಇತ್ತು, ಆ ನಡುವೆ ಹುಟ್ಟಿದ ಮಗಳು ಇಂಚರಳ ಹೆಸರೂ.

ಪಕ್ಕದ ಕೋಣೆಯಲ್ಲಿ ಹೆಂಡತಿ ಮೃದುಲಾ ಕಂಪ್ಯೂಟರಿನ ಮುಂದೆ ಕೂತಿದ್ದಳು. ಮಣಿಗಳ ತಂತ್ರಾಂಶ ತಿದ್ದಿದಾಗಲೆಲ್ಲ ಪರಿಶೀಲಿಸಿ ಒಪ್ಪಿಗೆ ಕೊಡುವುದು ಅವಳ ಕೆಲಸ. ನೆನಪನ್ನು ಮಣಿಯೊಳಗಿನ ಚಿಪ್‌ಗೆ ಬರೆಯಿಸುವ ತಂತ್ರಾಂಶದ ಭಾಗಕ್ಕೆ ಡ್ರೈವರ್ ಎನ್ನುತ್ತಾರೆ. ಅದರ ಹಳೆಯ ಕೋಡ್ ಸಾಲುಗಳನ್ನು ಯಂತ್ರವೊಂದು ಗುಡಿಸಿ ಕಳಿಸಿತ್ತು. ತೆಗೆದದ್ದು ಇನ್ನೂರು ಸಾಲು, ಬಹುಪಾಲು ನಿಜಕ್ಕೂ ಕಸವೇ. ಅದರಲ್ಲಿ ಮೂರು ಸಾಲು ಮಾತ್ರ ಅವಳನ್ನು ತಡೆದು ನಿಲ್ಲಿಸಿದವು: ‘ಬರೆದ ಮೇಲೆ ಕೊಂಚ ಕಾಯು, ಮತ್ತೆ ಓದಿ ನೋಡು, ಆಮೇಲೆ ಆಯಿತೆನ್ನು.’ ಯಾಕೆ ಕಾಯಬೇಕೋ, ಎಲ್ಲೂ ಬರೆದಿರಲಿಲ್ಲ.

ಮೇಲಧಿಕಾರಿ ಕಾಳಪ್ಪನವರು ಆಗಲೇ ಎರಡು ಸಲ ಫೋನ್ ಮಾಡಿದ್ದರು. ಹೊಸ ಮಣಿಗಳಲ್ಲಿ ಪರೀಕ್ಷೆ ಪಾಸಾಗಿದೆ, ನಾಲ್ಕು ಗಂಟೆಗೆ ಎಲ್ಲ ಮಣಿಗೂ ಹೋಗಬೇಕು, ಒಪ್ಪಿಗೆ ಒತ್ತಿಬಿಡಿ ಎಂದಿದ್ದರು. ಎಲ್ಲ ಮಣಿ ಅಂದರೆ ವಾಮದೇವನದೂ ಬಂತಲ್ಲ! ಅವನದು ಮೊದಮೊದಲು ಬಂದ ಮಾದರಿ.

ಅದೇ ಮಾದರಿಯ ಬದಲಿ ಮಣಿಯೊಂದು ಕಪಾಟಿನಲ್ಲಿತ್ತು. ಅದಕ್ಕೆ ಆ ಮೂರು ಸಾಲಿಲ್ಲದ ಹೊಸ ಡ್ರೈವರ್ ಹಾಕಿ ‘ಇಂಚರ’ ಎಂದು ಬರೆಯಿಸಿದಳು. ಬರೆದಾಯಿತು ಎಂದಿತು ಮಣಿ. ಕೂಡಲೇ ವಿದ್ಯುತ್ತು ಕಿತ್ತು, ಮತ್ತೆ ಕೊಟ್ಟು ಕೇಳಿದರೆ ಅಲ್ಲಿ ಏನೂ ಇರಲಿಲ್ಲ. ಬರೆಯುವ ಮೊದಲೇ ಬರೆದೆ ಅಂದುಬಿಡುವ ಚಾಳಿ ಅದರದು! ವಾಮದೇವ ದಿನವೂ ಸ್ನಾನಕ್ಕೆ ಮುಂಚೆ ಮಣಿಯನ್ನು ಹೀಗೆಯೇ ಫಟ್ಟನೆ ಕೀಳುತ್ತಿದ್ದ.

ಕೋಡಿನ ಹಳೆಯ ಪ್ರತಿಗಳನ್ನು ಕೆದಕಿದಳು. ಆ ಸಾಲುಗಳ ಮೇಲೆ ಮೂವತ್ತು ವರ್ಷದ ಹಿಂದಿನ, ಮಣಿಗಳಿಲ್ಲದ ಕಾಲದ ಟಿಪ್ಪಣಿಯೊಂದಿತ್ತು: ‘ಕೆಲವು ಡಿಸ್ಕುಗಳು ಬರೆಯದೆಯೇ ಬರೆದೆ ಅನ್ನುತ್ತವೆ. ಮುಂದೆ ನೋಡುವವರೇ, ದಯವಿಟ್ಟು ಇದನ್ನು ತೆಗೆಯಬೇಡಿ. ೨೦೨೬.’ ಎರಡು ವರ್ಷದ ಹಿಂದೆ, ಹಳಸಲು ಮಾತೆಂದು ಯಾರೋ ಅದನ್ನು ಅಳಿಸಲು ಒಪ್ಪಿಗೆ ಕೊಟ್ಟಿದ್ದರು. ಒಪ್ಪಿದವರ ಹೆಸರು ಮೃದುಲಾ.

ಆ ಮಧ್ಯಾಹ್ನ ಅವಳು ಹತ್ತಾರು ಒಪ್ಪಿಗೆ ಒತ್ತಿದ್ದಿರಬೇಕು. ಒಂದೂ ನೆನಪಿರಲಿಲ್ಲ.

“ನಾನು ಒಪ್ಪೋದಿಲ್ಲ ಸರ್,” ಎಂದಳು ಫೋನಿನಲ್ಲಿ. “ಆ ಮೂರು ಸಾಲು ಯಾಕೆ ಬೇಕು ಅಂತ ಕಾರಣ ಬರೆದಿಟ್ಟಿದ್ದರು. ಅದನ್ನ ಅಳಿಸಿದವಳು ನಾನೇ.”

ಕಾಳಪ್ಪನವರು ನಾಲ್ಕು ಗಂಟೆಯ ರವಾನೆಯನ್ನು ತಡೆಹಿಡಿದರು. “ಹಾಗಾದ್ರೆ ನೀವೇ ಮತ್ತೆ ಬರೆದಿಡಿ ಅಮ್ಮ.”

ಮೂರು ಸಾಲನ್ನು ಮತ್ತೆ ಸೇರಿಸಿ, ಅವುಗಳ ಮೇಲೆ ಟಿಪ್ಪಣಿಯನ್ನು ಇದ್ದ ಹಾಗೇ ಬರೆದು, ಕೆಳಗೆ ತನ್ನ ಹೆಸರು ಸೇರಿಸಿದಳು. ಇಸವಿಯನ್ನು ಮಾತ್ರ ಬದಲಿಸಲಿಲ್ಲ. ಆ ವರ್ಷ ಯಾರೋ ಪುಣ್ಯಾತ್ಮರು, ಇನ್ನೂ ಹುಟ್ಟದ ಹುಡುಗಿಯೊಬ್ಬಳ ಹೆಸರನ್ನು ಕಾಯುತ್ತಿದ್ದೇವೆಂಬ ಅರಿವೇ ಇಲ್ಲದೆ, ಎರಡು ಮಾತು ಬರೆದಿಡುವಷ್ಟು ಪುರುಸೊತ್ತು ಮಾಡಿಕೊಂಡಿದ್ದರು.