ಗ್ಯಾಲರಿ ಪಾಸು

ಶೇಂಗಾ ಚೀಲಗಳ ರಾಶಿ ಸರಿಸಿದಾಗ ಮೊದಲು ಕಂಡದ್ದು ಒಂದು ಅಂಗಾಲು. ಸತ್ತವನು ಶೇಖರ, ಕನ್ನಡ ವಾರಪತ್ರಿಕೆಯೊಂದರ ವರದಿಗಾರ. ಕತ್ತಿನ ಸುತ್ತ ಸೆಣಬಿನ ಹಗ್ಗದ ಗುರುತು.

ಭಾಂಡುಪ್‌ನ ಆ ಗೋದಾಮಿನ ಬೀಗ ಒಡೆದಿರಲಿಲ್ಲ. ಬೀಗದ ಕೈ ಇದ್ದದ್ದು ಇಬ್ಬರ ಬಳಿ: ಮಾಲೀಕ ಶಿವಪುತ್ರಪ್ಪ, ಕಾವಲು ಕಾಯುತ್ತ ಚೀಲವನ್ನೂ ಹೊರುವ ಅಂಗಾರ. ಕೊಲೆ ನಡೆದ ಹಿಂದಿನ ಮಧ್ಯಾಹ್ನ ತಾನು ವಿಧಾನಸಭೆಯ ಪ್ರೇಕ್ಷಕರ ಗ್ಯಾಲರಿಯಲ್ಲಿದ್ದೆ ಎಂದ ಮಾಲೀಕ. ಪಾಸು ತೋರಿಸಿದ. ಅಂದಮೇಲೆ ಅಂಗಾರನೇ.

ಇನ್ಸ್‌ಪೆಕ್ಟರ್ ನೀಲಕಂಠಪ್ಪ ಠಾಣೆಗೆ ಬರುವಷ್ಟರಲ್ಲಿ ಅಂಗಾರ ತಪ್ಪೊಪ್ಪಿಕೊಂಡಾಗಿತ್ತು. ಬೆರಳುಗಳು ಊದಿ ಬದನೆಕಾಯಿಯಾಗಿದ್ದವು.

"ಯಾಕ ಕೊಂದಿ?"

"ಅದನ್ನು ಹವಾಲ್ದಾರರು ಇನ್ನೂ ಹೇಳಿಕೊಡ್ಲಿಲ್ಲ, ಸ್ವಾಮಿ."

ಕೇಸು ಹೀಗೇ ಕೋರ್ಟಿಗೆ ಹೋದರೆ ಈ ಕೊರಳಿಗೆ ನೇಣು ಖಾತ್ರಿ.

* * *

ಫೋರ್ಟಿನ ತನ್ನ ವ್ಯಾಪಾರದ ಪೇಢಿಯಲ್ಲಿ ಶಿವಪುತ್ರಪ್ಪ ಲೋಡುದಿಂಬಿಗೆ ಒರಗಿದ್ದ.

"ಬರ್ರಿ ಸಾಹೇಬ್ರ. ನಮ್ಮ ಧಾರವಾಡದ ಕಡ್ಯಾವ್ರು ಖಾಕಿ ಹಾಕ್ಯಾರಂದ್ರ ನಮಗ ಅಭಿಮಾನ."

"ಸಭಾದಾಗ ನಿನ್ನೆ ಏನ ನಡೀತು?"

"ಸಂವಿಧಾನದ ಮೂರನೇ ತಿದ್ದುಪಡಿ ಬಂದಿತ್ತಲ್ರಿ. ಕಾಳುಕಡಿ, ಎಣ್ಣೀಬೀಜ, ಹತ್ತಿ ಅರಳಿ, ಎಲ್ಲಾದರ ಮ್ಯಾಲೂ ದಿಲ್ಲಿ ಹುಕುಮ ನಡೀಬೇಕಂತ. ನಮ್ಮ ಹೊಟ್ಟಿ ಮ್ಯಾಲಿನ ಮಾತು, ನೋಡಾಕ ಹೋಗದ ಇರಾಕ ಆಗತದೇನ್ರಿ?"

"ಜಗ್ಗಾಟ ಜೋರಿತ್ತೇನು?"

"ಕೇಳಬ್ಯಾಡ್ರಿ. ಒಬ್ಬ ಮೆಂಬರು, 'ಎಣ್ಣೀಬೀಜ ಅನ್ನೂದನ್ನ ತಗೀರಿ' ಅಂತ ಸೂಚನಾ ತಂದ. ಮತಕ್ಕ ಹಾಕಿದ್ರು. ಸ್ವಲ್ಪ ಮತದಾಗ ಸೂಚನಾ ಬಿತ್ತು. ಕಣ್ಣಾರೆ ನೋಡೀನಿ."

ನೀಲಕಂಠಪ್ಪ ತುಟಿಗೆ ಒಯ್ದ ಚಹಾ ಕೆಳಗಿಟ್ಟ. ಅಲ್ಲಿಂದ ನೆಟ್ಟಗೆ ವಿಧಾನಸಭೆಯ ಕಚೇರಿಗೆ ನಡೆದ.

* * *

ಸಂಜೆ ಶಿವಪುತ್ರಪ್ಪನನ್ನು ಠಾಣೆಗೆ ಕರೆಸಿದರು.

"ಸಾದಾ ಕಾಯ್ದೆ ಆದ್ರ ಸಭಾದವರು ಸಾಲು ಸಾಲು ತಿದ್ದತಾರ. ನೀವು ಎಷ್ಟೋ ಸಲ ನೋಡೀರಿ. ಇದು ಬ್ಯಾರೆ," ಎಂದ ನೀಲಕಂಠಪ್ಪ. "ಸಂವಿಧಾನ ತಿದ್ದೋದು ದಿಲ್ಲಿಯ ಎರಡೂ ಸಭಾ. ರಾಜ್ಯಗಳ ಅಧಿಕಾರಕ್ಕ ಕೈ ಹಾಕಿದ್ರ, ಅರ್ಧದಷ್ಟಾದ್ರೂ ರಾಜ್ಯಗಳು ಒಪ್ಪಬೇಕು. ರಾಜ್ಯದ ಸಭಾ ಹೂಂ ಅನಬೇಕು, ಇಲ್ಲಾ ಊಹೂಂ. ಒಂದಕ್ಷರ ತಗಿಯಾಕ ಬರೂದಿಲ್ಲ. ನಿನ್ನೆ ಬರೇ ಭಾಷಣ, ಆಮ್ಯಾಲೆ ಒಂದ ಮತ. ನೀವು ಕಣ್ಣಾರೆ ಕಂಡದ್ದು ಅಲ್ಲಿ ನಡದೇ ಇಲ್ಲ."

ಶಿವಪುತ್ರಪ್ಪನ ನಗೆ ಮುಖದ ಮೇಲೇ ಒಣಗಿತು.

"ನಿಮ್ಮ ಪಾಸು ಹಿಡದು ಕೂತಾಂವ ನಿಮ್ಮ ಗುಮಾಸ್ತ ಸಿದ್ದಲಿಂಗಪ್ಪ, ಅಂವನ ಒಪ್ಪಕೊಂಡ. ಭಾಷಣ ಕೇಳಕೋತ ನಿದ್ದಿ ಹೋದ್ನಂತ. ನೀವೇನ ಕೇಳಲಿಲ್ಲ, ಅಂವೇನ ಹೇಳಲಿಲ್ಲ. ಬೀಗದ ಕೈ ಉಳೀತು ನಿಮ್ಮದು. ಕಾಯ್ದೆ ಬರೂಕಿಂತ ಮೊದಲ ಶೇಂಗಾ ಮುಚ್ಚಿಟ್ಟು ರೇಟು ಏರಸೋರು ನೀವು. ಶೇಖರ ಅದನ್ನ ಬರಿಯಾಂವ ಇದ್ದ ಅಂತ ಅವನ ಪತ್ರಿಕಾದವ್ರು ಅಂದ್ರು."



"ಬರೀಬ್ಯಾಡ ಅಂದೆ," ಅಂದ ಶಿವಪುತ್ರಪ್ಪ. "ಅಂವ ನಕ್ಕ."

* * *

ಅಂಗಾರನ ಕೋಳ ಬಿಚ್ಚಿದರು. ಅವನು ಬಾಗಿಲಲ್ಲೇ ನಿಂತ.

"ನಾನು ಕೊಂದದ್ದಲ್ಲ ಅಂತ ಆಯ್ತು. ಈ ಕೈಯಲ್ಲಿ ಇನ್ನು ಚೀಲ ಹೊರುದು ಹೇಗೆ, ಸ್ವಾಮಿ?"

ನೀಲಕಂಠಪ್ಪ ಹವಾಲ್ದಾರನನ್ನು ಹುಡುಕಿ ಒಳಗೆ ತಿರುಗಿ ನೋಡಿದ. ಹವಾಲ್ದಾರ ಶಿವಪುತ್ರಪ್ಪನಿಗೆ ಕುರ್ಚಿ ಹಾಕಿ, ಪಂಖಾ ಅವನ ಕಡೆ ತಿರುಗಿಸುತ್ತಿದ್ದ.